ಹೊಸ ಸದಸ್ಯೆ ಬಂದರು. ಮೈಕು ಕೈಗಿತ್ತರೆ ಸಾಕೇ?

ಜುಲೈ ತಿಂಗಳು ಬಂತೆಂದರೆ ನಮ್ಮ ಸಣ್ಣ ಊರುಗಳಲ್ಲಿ ಪದಗ್ರಹಣ ಸಮಾರಂಭಗಳ ಸುಗ್ಗಿ. ರೋಟರಿ, ಲಯನ್ಸ್, ಇನ್ನರ್‌ವ್ಹೀಲ್ ಎಲ್ಲಕ್ಕೂ ಜುಲೈ ಒಂದನೇ ತಾರೀಖಿನಿಂದಲೇ ಹೊಸ ವರ್ಷ. ಹೊರಗೆ ಜಿಟಿಜಿಟಿ ಮಳೆ, ಒಳಗೆ ಜರಿ ಸೀರೆಗಳ ಸರಭರ, ಸಭಾಂಗಣದ ಹಿಂಭಾಗದಿಂದ ಉಪ್ಪಿಟ್ಟು ಕೇಸರಿಬಾತಿನ ಘಮ. ಯಜಮಾನರ ಜೊತೆಗೋ, ಪಕ್ಕದ ಮನೆಯಾಕೆಯ ಬಲವಂತಕ್ಕೋ ನೀವೂ ಒಂದಲ್ಲ ಒಂದು ಸಲ ಇಂಥ ಸಭೆಯಲ್ಲಿ ಕೂತಿರುತ್ತೀರಿ. ಪ್ರಾರ್ಥನೆ ಆಯಿತು, ಸ್ವಾಗತ ಆಯಿತು, ದೀಪ ಬೆಳಗಿದ್ದಾಯಿತು. ಆಮೇಲೆ ಬರುವುದು ‘ನೂತನ ಸದಸ್ಯರ ಸೇರ್ಪಡೆ’.

ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಒಂದು ಊರಿನ ಮಹಿಳಾ ಸೇವಾ ಕ್ಲಬ್ಬಿನ ಸಮಾರಂಭಕ್ಕೆ ನಾನು ಹೋಗಿದ್ದೆ. ನನ್ನ ತವರು ರುದ್ರಪಟ್ಟಣ. ಅಲ್ಲಿಂದ ಬಂದಿದ್ದ ಸೋದರತ್ತೆಯನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದೆ. ಆಹ್ವಾನ ಪತ್ರಿಕೆಯಲ್ಲಿ ಹೊಸ ಸದಸ್ಯೆಯ ಹೆಸರಿನ ಮುಂದೆ ‘ಸಂವಹನ ವೃತ್ತಿಪರರು’ ಎಂದು ಅಚ್ಚಾಗಿತ್ತು. ಅತ್ತೆ ಕನ್ನಡಕ ಏರಿಸಿಕೊಂಡು ಎರಡು ಸಲ ಓದಿ, ನನ್ನ ಕಿವಿಯ ಹತ್ತಿರ ಬಗ್ಗಿದರು.

“ಏನೇ ಇದು, ಆ ಹುಡುಗಿ ವಾಹನ ಓಡಿಸ್ತಾಳಾ?”

“ಅಲ್ಲ ಅತ್ತೆ, ರೇಡಿಯೋದಲ್ಲಿ ಮಾತಾಡ್ತಾಳೆ.”

“ಹಾಗಂತ ಬರೀಬಾರದೇ!” ಎಂದು ಅತ್ತೆ ಪತ್ರಿಕೆಯನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡರು.

ವೇದಿಕೆಯ ಮೇಲೆ ಆ ಹುಡುಗಿ (ಹುಡುಗಿ ಎಂದರೂ ಎರಡು ಮಕ್ಕಳ ತಾಯಿ) ನಿಂತಿದ್ದಳು. ಅಧ್ಯಕ್ಷೆ ಅವಳ ಸೆರಗಿಗೆ ಪಿನ್ ಚುಚ್ಚಿದರು, ಗುಲಾಬಿ ಕೊಟ್ಟರು, ಕುಂಕುಮ ಇಟ್ಟರು. ಆಮೇಲೆ ಮೈಕನ್ನು ಅವಳ ಕೈಗೇ ಕೊಟ್ಟು, “ಇನ್ನು ಮೇಲೆ ನಮ್ಮ ಎಲ್ಲಾ ಕಾರ್ಯಕ್ರಮದ ನಿರೂಪಣೆ ಇವರದೇ. ಪೇಪರಿಗೆ ಸುದ್ದಿ ಕಳಿಸೋದೂ ಇವರೇ. ನಮಗೆ ಇನ್ನು ಚಿಂತೆಯಿಲ್ಲ!” ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ. ಆ ಚಪ್ಪಾಳೆಯಲ್ಲಿ ಏನೋ ಎಡವಟ್ಟಾಗಿದೆ ಎಂದು ನನಗೆ ಹೊಳೆಯುವುದಕ್ಕೆ ಒಂದು ವರ್ಷವೇ ಬೇಕಾಯಿತು.

ಅದನ್ನು ಹೇಳುವ ಮೊದಲು ಈ ಕ್ಲಬ್ಬುಗಳ ಹುಟ್ಟನ್ನು ಸ್ವಲ್ಪ ತಿಳಿದುಕೊಳ್ಳೋಣ. 1905ರ ಫೆಬ್ರವರಿ 23ರಂದು ಅಮೆರಿಕದ ಷಿಕಾಗೋ ನಗರದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು ಮೂವರು ಸ್ನೇಹಿತರನ್ನು ಸೇರಿಸಿಕೊಂಡು ರೋಟರಿಯನ್ನು ಶುರುಮಾಡಿದರು. ಒಬ್ಬರು ಕಲ್ಲಿದ್ದಲ ವ್ಯಾಪಾರಿ, ಒಬ್ಬರು ಗಣಿ ಇಂಜಿನಿಯರು, ಇನ್ನೊಬ್ಬರು ದರ್ಜಿ. ಈ ಸಲ ನಿಮ್ಮಲ್ಲಿ, ಮುಂದಿನ ಸಲ ನಮ್ಮಲ್ಲಿ ಎಂದು ಸರದಿಯ ಮೇಲೆ ಸಭೆ ಸೇರುತ್ತಿದ್ದುದರಿಂದ ‘ರೋಟರಿ’ ಎಂಬ ಹೆಸರು ಬಂತು. ನಮ್ಮ ಭಜನಾ ಮಂಡಲಿ ವಾರಕ್ಕೊಂದು ಮನೆಯಲ್ಲಿ ಸೇರುವುದಿಲ್ಲವೇ, ಹಾಗೆಯೇ ಎನ್ನಿ. ಒಂದೊಂದು ಕಸುಬಿನಿಂದ ಒಬ್ಬೊಬ್ಬರು ಎಂಬ ನಿಯಮವನ್ನೂ ಅವರು ಇಟ್ಟುಕೊಂಡಿದ್ದರು. ಊರಿನಲ್ಲಿ ಎಷ್ಟು ಬಗೆಯ ಕೆಲಸವಿದೆಯೋ ಅಷ್ಟೂ ಬಗೆಯ ತಿಳಿವಳಿಕೆ ಒಂದೇ ಮೇಜಿನ ಸುತ್ತ ಕೂರಲಿ ಎಂಬುದು ಆ ನಿಯಮದೊಳಗಿನ ಜಾಣತನ. ವೈದ್ಯರನ್ನು ಸೇರಿಸಿಕೊಂಡಿದ್ದು ಸದಸ್ಯರ ನೆಗಡಿಗೆ ಔಷಧಿ ಬರೆಸಿಕೊಳ್ಳಲಿಕ್ಕಲ್ಲ ತಾನೇ? ವೈದ್ಯರ ಕಣ್ಣಿಂದ ಊರನ್ನು ನೋಡುವವರು ಒಬ್ಬರಿರಲಿ ಎಂದು.

ಆದರೆ ಆ ಮೇಜಿನ ಸುತ್ತ ಹೆಂಗಸರಿಗೆ ಬಹಳ ಕಾಲ ಕುರ್ಚಿಯೇ ಇರಲಿಲ್ಲ! ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 1923ರ ನವೆಂಬರಿನಲ್ಲಿ ರೋಟರಿ ಸದಸ್ಯರ ಮನೆಯ 27 ಮಂದಿ ಹೆಂಗಸರು ಸಭೆ ಸೇರಿದರು. ಎಲ್ಲಿ ಅಂತೀರಿ? ಒಂದು ಟರ್ಕಿಷ್ ಸ್ನಾನಗೃಹದಲ್ಲಿ. ಅವರ ಮುಂದಾಳು ಮಾರ್ಗರೆಟ್ ಗೋಲ್ಡಿಂಗ್, ದಾದಿಯಾಗಿ ಕೆಲಸ ಮಾಡಿದ್ದಾಕೆ. 1924ರ ಜನವರಿ 10ರಂದು ಅಲ್ಲಿ ಹುಟ್ಟಿದ್ದೇ ಇನ್ನರ್‌ವ್ಹೀಲ್. ನಮ್ಮ ತಾಲ್ಲೂಕು ಕೇಂದ್ರಗಳಲ್ಲೂ ಇಂದು ನೀವು ನೋಡುವ ಇನ್ನರ್‌ವ್ಹೀಲ್ ಕ್ಲಬ್ಬುಗಳ ಬೇರು ಅಲ್ಲಿದೆ. ಮೊದಮೊದಲು ರೋಟರಿ ಸದಸ್ಯರ ಹೆಂಡತಿ, ಮಗಳು, ಸಂಬಂಧಿಕಳು ಎಂದಿದ್ದರೇ ಅಲ್ಲಿ ಪ್ರವೇಶ. ಈಚೆಗೆ ಆಹ್ವಾನಿತರಾದ ಇತರ ಮಹಿಳೆಯರಿಗೂ ಬಾಗಿಲು ತೆರೆದಿದೆ.

ಇನ್ನು ರೋಟರಿಯ ಬಾಗಿಲು ತೆರೆದ ಕಥೆ ಒಂದು ಕಾದಂಬರಿಯಂತಿದೆ. ಕ್ಯಾಲಿಫೋರ್ನಿಯಾದ ಡುವಾರ್ಟೆ ಎಂಬ ಸಣ್ಣ ಊರಿನ ಕ್ಲಬ್ಬು 1977ರಲ್ಲಿ ಮೂವರು ಮಹಿಳೆಯರನ್ನು ಸೇರಿಸಿಕೊಂಡಿತು. ಮರುವರ್ಷವೇ ಆ ಕ್ಲಬ್ಬಿನ ಮಾನ್ಯತೆ ರದ್ದಾಯಿತು. ಡುವಾರ್ಟೆಯವರು ಜಗ್ಗಲಿಲ್ಲ, ತಮ್ಮ ಪಿನ್ನಿನ ಮೇಲೆ ದೊಡ್ಡದೊಂದು ಕಾಟು ಗುರುತು ಹಾಕಿಕೊಂಡು ‘ಮಾಜಿ ರೋಟರಿ ಕ್ಲಬ್’ ಎಂದು ಹೆಸರಿಟ್ಟುಕೊಂಡು ಸಭೆ ನಡೆಸುತ್ತಲೇ ಹೋದರು. ಮೊಕದ್ದಮೆ ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ, 1987ರ ಮೇ 4ರಂದು ಹೆಂಗಸರ ಪರವಾಗಿ ತೀರ್ಪಾಯಿತು. ಅದೇ ವರ್ಷ ಶಾಲಾ ಮುಖ್ಯೋಪಾಧ್ಯಾಯಿನಿ ಸಿಲ್ವಿಯಾ ವಿಟ್‌ಲಾಕ್ ಡುವಾರ್ಟೆ ಕ್ಲಬ್ಬಿನ ಅಧ್ಯಕ್ಷೆಯಾದರು. 1989ರಲ್ಲಿ ರೋಟರಿ ತನ್ನ ನಿಯಮಾವಳಿಯಿಂದ ‘ಪುರುಷ’ ಎಂಬ ಮಾತನ್ನೇ ತೆಗೆಯಿತು. ಲಯನ್ಸ್ ಕೂಡ 1987ರಲ್ಲೇ ಹೆಂಗಸರಿಗೆ ಸದಸ್ಯತ್ವ ಕೊಟ್ಟಿತ್ತು.

ಈ ಕಥೆಗೆ ಒಂದು ಸೊಗಸಾದ ಮುಂದುವರಿಕೆ ಇದೆ. 2022-23ರಲ್ಲಿ ಇಡೀ ಜಗತ್ತಿನ ರೋಟರಿಗೆ ಮೊದಲ ಬಾರಿ ಒಬ್ಬ ಮಹಿಳೆ ಅಧ್ಯಕ್ಷೆಯಾದರು. ಕೆನಡಾದ ವಿಂಡ್ಸರ್ ಊರಿನ ಜೆನಿಫರ್ ಜೋನ್ಸ್. ಆಕೆಯ ವೃತ್ತಿ ಏನು ಗೊತ್ತೇ? ದೃಶ್ಯ ಮಾಧ್ಯಮದ ನಿರ್ಮಾಣ ಸಂಸ್ಥೆಯೊಂದನ್ನು ಕಟ್ಟಿ ನಡೆಸಿದಾಕೆ. ನಮ್ಮ ಅತ್ತೆಯ ಭಾಷೆಯಲ್ಲಿ ‘ವಾಹನ ಓಡಿಸುವವಳು’! ನೂರು ವರ್ಷಕ್ಕೂ ಮೀರಿ ಗಂಡಸರೇ ಕೂತಿದ್ದ ಕುರ್ಚಿಯಲ್ಲಿ ಮೊದಲು ಕೂತ ಹೆಂಗಸು ಮಾತಿನ ಕಸುಬಿನವಳೇ ಆದದ್ದು ನನಗಂತೂ ಬಹಳ ಖುಷಿ ಕೊಟ್ಟಿತು.

ಈಗ ನಮ್ಮ ಹುಡುಗಿಯ ವಿಷಯಕ್ಕೆ ಬರೋಣ.

ಒಂದು ವರ್ಷ ಆಕೆ ಹೇಳಿದ್ದನ್ನೆಲ್ಲ ಮಾಡಿದಳು. ನಿರೂಪಣೆ ಮಾಡಿದಳು, ಶಾಲು ಹಾರದ ಫೋಟೋ ತೆಗೆಸಿದಳು, ರಾತ್ರಿ ಮಕ್ಕಳು ಮಲಗಿದ ಮೇಲೆ ಪೇಪರಿಗೆ ಸುದ್ದಿ ಬರೆದು ಕಳಿಸಿದಳು. ಬೆಳಿಗ್ಗೆ ಏಳುವ ಹೊತ್ತಿಗೆ ಫೋನು. ಒಬ್ಬರಿಗೆ ತಮ್ಮ ಹೆಸರು ಮೂರನೆಯದಾಗಿ ಬಂದಿದೆ ಎಂಬ ಸಿಟ್ಟು, ಇನ್ನೊಬ್ಬರಿಗೆ ಫೋಟೋದಲ್ಲಿ ಅರ್ಧ ಮುಖ ಬಂದಿದೆ ಎಂಬ ದುಃಖ. ವರ್ಷಾಂತ್ಯಕ್ಕೆ ಒಂದು ದಿನ ನಮ್ಮ ಮನೆಯ ಜಗುಲಿಯಲ್ಲಿ ಕೂತು ಕಾಫಿ ಕುಡಿಯುತ್ತಾ, “ಆಂಟಿ, ನಾನು ಬಿಟ್ಬಿಡ್ತೀನಿ. ನನ್ನ ಕೆಲಸ ಏನು ಅಂತ ಅವರು ಒಂದು ದಿನಾನೂ ಕೇಳಲಿಲ್ಲ. ಮೈಕ್ ಹಿಡ್ಕೊಳ್ಳೋದೇ ನನ್ನ ಕೆಲಸ ಅಂದ್ಕೊಂಡಿದಾರೆ” ಎಂದಳು.

“ಹಾಗಾದರೆ ನಿನ್ನ ಕೆಲಸ ಏನಮ್ಮಾ?” ಎಂದೆ. ನನಗೂ ಗೊತ್ತಿರಲಿಲ್ಲ ನೋಡಿ.

“ಕೇಳೋದು ಆಂಟಿ. ಹತ್ತು ಜನರ ಹತ್ತಿರ ಕೇಳಿದ ಮೇಲೇ ನಾನು ಎರಡು ನಿಮಿಷ ಮಾತಾಡೋದು” ಎಂದಳು.

ಒಳಗೆ ಹೂವು ಕಟ್ಟುತ್ತಾ ಕೂತಿದ್ದ ಅತ್ತೆ ಅಲ್ಲಿಂದಲೇ, “ತಂಬೂರಿ ಹಿಡಿಯೋದು ಅಂತ ಹೇಳು” ಎಂದರು.

ರುದ್ರಪಟ್ಟಣದವರಿಗೆ ಮಾತ್ರ ಹೊಳೆಯುವ ಮಾತು ಅದು. ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ದಂಡೆಯ ಮೇಲಿರುವ ನಮ್ಮ ಊರಿಗೆ ಸಂಗೀತಗಾರರ ಊರೆಂದೇ ಹೆಸರು. ಸಂಕೇತಿ ಮನೆಗಳಲ್ಲಿ ವೇದ ಎಷ್ಟೋ ಸಂಗೀತವೂ ಅಷ್ಟು. ವಿದ್ವಾನ್ ಆರ್.ಕೆ. ಪದ್ಮನಾಭ ಅವರ ಮುತುವರ್ಜಿಯಿಂದ ಎದ್ದ ಸಪ್ತಸ್ವರ ದೇವತಾ ಮಂದಿರ ತಂಬೂರಿಯ ಆಕಾರದಲ್ಲೇ ಇದೆ. ಹೋಗಿ ನೋಡಿ, ರಾಮನಾಥಪುರಕ್ಕೆ ಬಂದವರು ಹಾಗೇ ಹಿಂತಿರುಗಬೇಡಿ. ಸಂಗೀತ ಕಲಿಯುವ ಮಕ್ಕಳಿಗೆ ಮೊದಲು ಕಚೇರಿಯಲ್ಲಿ ಸಿಗುವ ಜಾಗ ಗುರುಗಳ ಹಿಂದೆ, ತಂಬೂರಿ ಹಿಡಿದು. ಶ್ರುತಿ ಕಿವಿಗೆ ಕೂತ ಮೇಲೇ ಬಾಯಿ ಬಿಡುವುದು.

ಮಾತಿನ ಕಸುಬಿಗೂ ನಮ್ಮ ಊರಿಗೂ ಹಳೆಯ ನಂಟಿದೆ. ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಒಂದು ಪುಟ್ಟ ಬಾನುಲಿ ಕೇಂದ್ರವನ್ನು ಶುರುಮಾಡಿದ್ದು, ‘ಆಕಾಶವಾಣಿ’ ಎಂಬ ಹೆಸರು ಅಲ್ಲಿಂದಲೇ ಬಂದದ್ದು ನಿಮಗೆ ಗೊತ್ತೇ ಇದೆ. ರುದ್ರಪಟ್ಟಣದಲ್ಲಿ 1920ರಲ್ಲಿ ಹುಟ್ಟಿದ ವಿದ್ವಾನ್ ಆರ್.ಕೆ. ಶ್ರೀಕಂಠನ್ ಮೂರು ದಶಕಗಳಷ್ಟು ಕಾಲ ಆಕಾಶವಾಣಿಯಲ್ಲಿ ಸೇವೆ ಸಲ್ಲಿಸಿದರು. 2011ರಲ್ಲಿ ಅವರಿಗೆ ಪದ್ಮಭೂಷಣ ಬಂತು, 2014ರಲ್ಲಿ ತೀರಿಕೊಂಡರು. ಕಾವೇರಿ ದಂಡೆಯ ಒಂದು ಹಳ್ಳಿಯ ಕಂಠ ರೇಡಿಯೋ ಮೂಲಕ ಎಷ್ಟು ಅಡುಗೆಮನೆಗಳನ್ನು ಹೊಕ್ಕಿತೋ, ಲೆಕ್ಕ ಇಟ್ಟವರು ಯಾರು? ಒಗ್ಗರಣೆ ಹಾಕುತ್ತಾ ಕಿವಿ ಅತ್ತ ಕೊಟ್ಟು, ಸಾಸಿವೆ ಸೀದುಹೋದ ನೆನಪು ನನಗಂತೂ ಇದೆ.

ಸರಿ, ಆ ಹುಡುಗಿ ಕ್ಲಬ್ಬು ಬಿಡಲಿಲ್ಲ. ಬಿಡದಿರುವುದಕ್ಕೆ ಕಾರಣವಾದದ್ದು ಒಂದು ಸೋತುಹೋದ ಕಣ್ಣಿನ ಶಿಬಿರ.

ಆ ಶಿಬಿರಕ್ಕೆ ಡಾಕ್ಟರು ಬಂದಿದ್ದರು, ಶಾಮಿಯಾನ ಹಾಕಿತ್ತು, ಸದಸ್ಯೆಯರು ಮನೆಯಿಂದ ಪುಳಿಯೋಗರೆ ಕೋಸಂಬರಿ ಮಾಡಿ ತಂದಿದ್ದರು. ಜನ ಮಾತ್ರ ಬೆರಳೆಣಿಕೆಯಷ್ಟು. ಪೊರೆ ಬಂದು ಕಣ್ಣು ಮಂಜಾದ ಅಜ್ಜಿಯಂದಿರು ಸುತ್ತಮುತ್ತಲ ಹಳ್ಳಿಗಳಲ್ಲಿ ಎಷ್ಟೋ ಜನ ಇದ್ದರು, ಅವರೇ ಬಂದಿರಲಿಲ್ಲ. “ಹಳ್ಳಿಯವರಿಗೆ ತಿಳಿವಳಿಕೆಯೇ ಇಲ್ಲ ಕಣ್ರೀ” ಎಂದು ಸಭೆಯಲ್ಲಿ ಒಬ್ಬರು ಹೇಳಿದರು. ಆಗ ನಮ್ಮ ಹುಡುಗಿ ಕರಪತ್ರವನ್ನು ಎತ್ತಿ ಹಿಡಿದಳಂತೆ. ಮುಕ್ಕಾಲು ಪಾಲು ಅತಿಥಿಗಳ ಹೆಸರು, ಹುದ್ದೆ, ಪದವಿ. ಕೆಳಗೆ ಸಣ್ಣಕ್ಷರದಲ್ಲಿ ‘ಸಾರ್ವಜನಿಕರು ಸದುಪಯೋಗ ಪಡಿಸಿಕೊಳ್ಳಬೇಕಾಗಿ ವಿನಂತಿ’. ಕಣ್ಣೇ ಮಂಜಾದವರಿಗೆ ಸಣ್ಣಕ್ಷರ! “ಮುಂದಿನ ಸಲ ಇದನ್ನ ನಾನು ಬರೀತೀನಿ. ಆದರೆ ಅದಕ್ಕೂ ಮೊದಲು ಹದಿನೈದು ದಿನ ನನಗೆ ಬೇರೆ ಯಾವ ಕೆಲಸಾನೂ ಹೇಳಬೇಡಿ” ಎಂದಳಂತೆ.

ಹದಿನೈದು ದಿನ ಆಕೆ ಮಾಡಿದ್ದು ಇಷ್ಟೇ. ಬೆಳಗಾಗೆದ್ದು ಹಾಲಿನ ಡೈರಿಯ ಮುಂದೆ ಹೋಗಿ ನಿಲ್ಲುವುದು. ನಮ್ಮ ಹಳ್ಳಿಗಳಲ್ಲಿ ಹೆಂಗಸರು ತಪ್ಪದೆ ಸೇರುವ ಜಾಗ ಅದೊಂದೇ ತಾನೇ? ಒಂದು ದಿನ ನಾನೂ ಜೊತೆಗೆ ಹೋಗಿದ್ದೆ. ಆಕೆ ಭಾಷಣ ಮಾಡಲಿಲ್ಲ, ಪುಸ್ತಕ ಪೆನ್ನು ಹಿಡಿಯಲಿಲ್ಲ. ಕ್ಯಾನು ಹಿಡಿದು ನಿಂತ ಒಬ್ಬ ಅಜ್ಜಿಯನ್ನು “ಯಾಕಜ್ಜೀ ಕಣ್ಣು ತೋರಿಸ್ಕೊಳ್ಳಲಿಲ್ಲ?” ಎಂದು ಕೇಳಿ ಸುಮ್ಮನಾದಳು. ಆ ಸುಮ್ಮನಾಗುವುದಿದೆಯಲ್ಲ, ಅದು ನಮಗೆ ಬರುವುದಿಲ್ಲ ನೋಡಿ. ನಾವು ಪ್ರಶ್ನೆ ಕೇಳಿ ಉತ್ತರವನ್ನೂ ನಾವೇ ಹೇಳಿಬಿಡುತ್ತೇವೆ.

ಅಜ್ಜಿ ಒಂದು ಗಳಿಗೆ ಬಿಟ್ಟು, “ಅಲ್ಲಿ ಮೂರು ದಿನ ಮಡಿಕ್ಕಂತಾರಂತೆ. ಹಸ ಕರೆಯೋರ್ಯಾರವ್ವ?” ಎಂದಳು. ಇನ್ನೊಬ್ಬಾಕೆ, “ಕಣ್ಣು ಕಿತ್ತು ಮ್ಯಾಕಿಕ್ಕಿ ತೊಳೀತಾರಂತೆ, ನಂಗೆ ಎದೆ ಡವಗುಟ್ತದೆ” ಎಂದಳು. ಮತ್ತೊಬ್ಬಾಕೆಯದು ಇನ್ನೂ ಸಣ್ಣ ಕಾರಣ: ಸಂಜೆ ಹಿಂತಿರುಗಲು ಬಸ್ಸಿಲ್ಲ, ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಹೇಗೆ ಬರುವುದು? ಅವರ ಮಾತಿನಲ್ಲಿ ತಿಳಿವಳಿಕೆ ಇಲ್ಲದ್ದು ಎಲ್ಲಿದೆ, ನೀವೇ ಹೇಳಿ! ಹಸುವಿನ ಯೋಚನೆ ಇಲ್ಲದೆ ಮನೆ ಬಿಟ್ಟು ಹೋಗುವ ಹೆಂಗಸೇ ತಿಳಿವಳಿಕೆ ಇಲ್ಲದವಳು.

ಎರಡನೆಯ ಕರಪತ್ರ ನನ್ನ ಹತ್ತಿರ ಇನ್ನೂ ಇದೆ. ಅತಿಥಿಗಳ ಹೆಸರು ಹಿಂಬದಿಗೆ ಹೋಗಿತ್ತು (ಅದಕ್ಕೆ ಒಂದು ಜಗಳವೂ ಆಯಿತೆನ್ನಿ). ಮುಂದೆ ದಪ್ಪಕ್ಷರದಲ್ಲಿ, ಡಾಕ್ಟರರನ್ನು ಕೇಳಿ ಖಚಿತಪಡಿಸಿಕೊಂಡ ನಾಲ್ಕಾರು ಮಾತು. ಕಣ್ಣನ್ನು ಹೊರಗೆ ತೆಗೆಯುವುದಿಲ್ಲ, ಒಳಗಿನ ಮಸೂರ ಮಸುಕಾಗಿರುತ್ತದೆ, ಅದನ್ನು ತೆಗೆದು ಹೊಸದನ್ನು ಕೂಡಿಸುತ್ತಾರೆ. ಅಷ್ಟು ದಿನ ಅಲ್ಲೇ ಇರಬೇಕಾಗಿಲ್ಲ. ಸಕ್ಕರೆ ಕಾಯಿಲೆಯಿದ್ದರೆ ಮುಂಚೆಯೇ ಹೇಳಿ, ಕುಡಿಯುತ್ತಿರುವ ಮಾತ್ರೆಯ ಚೀಟಿ ತನ್ನಿ. ಮನೆಯವರೊಬ್ಬರು ಜೊತೆಗೆ ಬನ್ನಿ. ಹಿಂತಿರುಗಲು ಗಾಡಿ ನಮ್ಮದು. ಆಮೇಲೆ ಕೆಲವು ವಾರ ಡಾಕ್ಟರು ಹೇಳಿದಷ್ಟು ದಿನ ಹನಿ ಹಾಕಿಕೊಳ್ಳಬೇಕು, ಹೊಗೆಯ ಒಲೆಯ ಮುಂದೆ ಕೂರಬಾರದು. ಇನ್ನು ಹಸು? ಅದನ್ನು ಅಕ್ಕಪಕ್ಕದವರಿಗೆ ಒಪ್ಪಿಸುವ ಏರ್ಪಾಡು ಡೈರಿಯ ಮುಂದೆಯೇ, ಹೆಂಗಸರ ನಡುವೆಯೇ ಆಯಿತು. ಅದು ಯಾವ ಕರಪತ್ರದಲ್ಲೂ ಬರೆಯುವಂಥದ್ದಲ್ಲ.

ದೊಡ್ಡ ಲೋಕದಲ್ಲೂ ಹೀಗೇ ನಡೆದಿದೆ. ರೋಟರಿಯವರು 1985ರಲ್ಲಿ ಪೋಲಿಯೋ ಓಡಿಸುವ ಸಂಕಲ್ಪ ತೊಟ್ಟು ಹಣ ಕೂಡಿಸಿದರು. ನಮ್ಮ ಸರಕಾರ 1995ರಿಂದ ದೇಶಾದ್ಯಂತ ಪಲ್ಸ್ ಪೋಲಿಯೋ ನಡೆಸಿತು. ನಮ್ಮ ಮಕ್ಕಳಿಗೂ ಹನಿ ಹಾಕಿಸಿ, ಕಿರುಬೆರಳಿಗೆ ಮಸಿ ಹಚ್ಚಿಸಿಕೊಂಡು ಬಂದಿದ್ದೇವೆ. ಔಷಧಿ ಇತ್ತು, ಹಣವಿತ್ತು. ಆದರೂ ಉತ್ತರ ಪ್ರದೇಶ, ಬಿಹಾರಗಳಲ್ಲಿ ವರ್ಷಗಟ್ಟಲೆ ರೋಗ ಬಗ್ಗಲಿಲ್ಲ. ಹನಿ ಹಾಕಿಸಿದರೆ ಮುಂದೆ ಮಕ್ಕಳಾಗುವುದಿಲ್ಲ ಎಂಬ ಪುಕಾರು ಹಬ್ಬಿ, ಬಾಗಿಲುಗಳು ಮುಚ್ಚಿಕೊಂಡವು. ಆ ಬಾಗಿಲುಗಳನ್ನು ತೆರೆಸುವುದರಲ್ಲಿ ದೊಡ್ಡ ಪಾಲು ಆಯಾ ಕೇರಿಯದೇ ಹೆಂಗಸರದು. ಹೊಸ್ತಿಲಲ್ಲಿ ಕೂತು, ತಾಯಂದಿರ ಅಂಜಿಕೆಯನ್ನು ಪೂರ್ತಿ ಕೇಳಿ, ಆಮೇಲೆ ಮಾತಾಡಿದವರು ಅವರು. ಭಾರತದಲ್ಲಿ ಈ ಪೋಲಿಯೋದ ಕಡೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. 2014ರ ಮಾರ್ಚ್ 27ರಂದು ನಮ್ಮ ವಲಯ ಪೋಲಿಯೋಮುಕ್ತ ಎಂದು ಘೋಷಣೆಯಾಯಿತು.

ನಿಮ್ಮ ಮಹಿಳಾ ಸಮಾಜಕ್ಕೋ ಕ್ಲಬ್ಬಿಗೋ ಇಂಥ ಕಸುಬಿನವರು ಯಾರಾದರೂ ಬರಬಹುದು. ಪತ್ರಿಕೆಯ ವರದಿಗಾರ್ತಿ, ಅಚ್ಚುಕೂಟ ನಡೆಸುವಾಕೆ, ಟಿ.ವಿ.ಯಲ್ಲಿ ವಾರ್ತೆ ಓದುವಾಕೆ, ಅಂಚೆ ಕಚೇರಿಯಾಕೆ. 1982ರಿಂದ ನಮ್ಮ ಹಾಸನದಲ್ಲೇ ಇಸ್ರೋದವರ ನಿಯಂತ್ರಣ ಕೇಂದ್ರವಿದ್ದು ಸಂಪರ್ಕ ಉಪಗ್ರಹಗಳ ಲಗಾಮು ಹಿಡಿದಿರುವುದರಿಂದ, ಆ ಕೆಲಸದ ಹೆಣ್ಣುಮಗಳೇ ಬಂದರೂ ಆಶ್ಚರ್ಯವಿಲ್ಲ. ಟ್ರಂಕ್ ಕಾಲ್ ಕಾಲದಲ್ಲಿ ಎಕ್ಸ್‌ಚೇಂಜಿನಲ್ಲಿದ್ದು ನಿವೃತ್ತರಾದ ಅಕ್ಕಂದಿರನ್ನೂ ಮರೆಯಬೇಡಿ; ಅವರಷ್ಟು ಚೆನ್ನಾಗಿ ಊರಿನ ದನಿ ಬಲ್ಲವರು ಇನ್ನಿಲ್ಲ. ಬಂದವರನ್ನು ಮೊದಲೇ ಮನೆಗೆ ಕರೆದು, ಚಂದಾ ಎಷ್ಟು, ಸಭೆ ಯಾವ ಹೊತ್ತಿಗೆ, ಅವರ ಪಾಳಿಗೂ ಮಕ್ಕಳ ಶಾಲೆಗೂ ಅದು ಹೊಂದುತ್ತದೆಯೇ ಎಂದು ಬಿಚ್ಚಿ ಮಾತಾಡಿ. ಸೇರಿದ ಮೇಲೆ ನಾಚಿಕೆಯಿಂದ ಬಾಯಿಬಿಡದೆ ಹಿಂಸೆಪಡುವವರನ್ನು ನಾನು ಕಂಡಿದ್ದೇನೆ. ಮೊದಲ ಎರಡು ಮೂರು ತಿಂಗಳು ಪೇಪರಿನ ಸುದ್ದಿಯನ್ನು ನೀವೇ ಬರೆಯಿರಿ. ಆಕೆಗೆ ಒಂದು ಸಭೆಯಲ್ಲಿ ಅರ್ಧ ಗಂಟೆ ಕೊಟ್ಟು, ನಿನ್ನ ದಿನ ಹೇಗಿರುತ್ತದೆ, ಜನ ನಿನಗೆ ಏನೇನು ಹೇಳುತ್ತಾರೆ ಎಂದು ಕೇಳಿ. ರೋಟರಿಯಲ್ಲಿ ಹೊಸಬರು ತಮ್ಮ ವೃತ್ತಿಯ ಬಗ್ಗೆ ಮಾತಾಡುವ ಪದ್ಧತಿಯೇ ಇದೆ. ಆ ಅರ್ಧ ಗಂಟೆಯನ್ನು ಕೇಸರಿಬಾತು ಬಡಿಸುವುದರಲ್ಲಿ ಕಳೆಯಬೇಡಿ!

ಹಾಂ, ಎರಡನೆಯ ಶಿಬಿರದ ದಿನ ಶಾಮಿಯಾನ ಸಾಲದೆ ಶಾಲೆಯ ಜಗುಲಿಯಲ್ಲೂ ಜನ ಕೂತಿದ್ದರು. ನಿರೂಪಣೆಯನ್ನು ಅಂದು ಯಾರು ಮಾಡಿದರೋ ನೆನಪಿಲ್ಲ. ನಮ್ಮ ಹುಡುಗಿ ಚೀಟಿ ಬರೆಯುವ ಮೇಜಿನ ಹತ್ತಿರ ಇದ್ದಳು. ಮುಂದಿನ ವಾರ ಕಣ್ಣು ತೋರಿಸಲು ಮತ್ತೆ ಬಂದ ಡೈರಿಯ ಅಜ್ಜಿ, ಕಪ್ಪು ಕನ್ನಡಕ ತೆಗೆದು ಅವಳ ಮುಖವನ್ನು ಬಹಳ ಹೊತ್ತು ನೋಡಿದಳು. “ದಿನಾ ಬೆಳಗಾತ ರೇಡಿಯೋದಾಗೆ ಮಾತಾಡೋಳು ನೀನೇಯೇನವ್ವ? ನಾನೆಲ್ಲೋ ಗಟ್ಟಿ ಆಳು ಅಂದ್ಕಂಡಿದ್ದೆ. ಇಷ್ಟು ಸಣ್ಣಕಿದೀಯಲ್ಲೇ! ಊಟ ಗೀಟ ಮಾಡ್ತೀಯೋ ಇಲ್ವೋ?” ಎಂದು ಸೊಂಟದ ಚೀಲದಿಂದ ಎರಡು ಬಾಳೆಹಣ್ಣು ತೆಗೆದು ಅವಳ ಕೈಗಿಟ್ಟಳು.